ಒಂಬತ್ತು ತಿರುವಿನ ಅರ್ಜಿ

ತಾಮರಶ್ಶೇರಿ ಚುರ ಎಂಬ ಘಾಟಿಯಲ್ಲಿ ಅಡಿವಾರದಿಂದ ಲಕ್ಕಿಡಿ ಸೇರುವಷ್ಟರಲ್ಲಿ ಒಂಬತ್ತು ಹೇರ್‌ಪಿನ್ ತಿರುವು. ವಯನಾಡಿಗೆ ಬಸ್ಸಿನಲ್ಲಿ ಹತ್ತುವವರು ಒಮ್ಮೆ ಎಡಗಡೆಯವರ ಮೇಲೆ, ಒಮ್ಮೆ ಬಲಗಡೆಯವರ ಮೇಲೆ ಒರಗುತ್ತಾ, ಮೂರನೆಯ ತಿರುವಿನ ಹೊತ್ತಿಗೆ ‘ಸಾರಿ’ ಹೇಳುವುದನ್ನೂ ಬಿಟ್ಟಿರುತ್ತಾರೆ. ಇಷ್ಟು ತಿರುಗಿದರೂ ಯಾರಿಗೂ ತಮ್ಮ ಜನ್ಮದಿನಾಂಕ ಮರೆತುಹೋಗುವುದಿಲ್ಲ. ಮರೆಯುವುದು ಫೋನು ಮಾತ್ರ.

ಆ ಬಸ್ಸಿನಲ್ಲಿ ಕೂತು ಒಂದು ಆ್ಯಪಿನಲ್ಲಿ ಅರ್ಜಿ ತುಂಬುತ್ತಿದ್ದೆ. ಹೆಸರು, ತಂದೆಯ ಹೆಸರು, ಕೇರಳದವರು ಬಿಡದೆ ಕೇಳುವ ಮನೆಹೆಸರು, ಕಲ್ಪೆಟ್ಟದ ಪಿನ್ 673121 ಎಲ್ಲ ಆಯಿತು. ಆಧಾರ್ ಕಾರ್ಡಿನ ಫೋಟೊ ತೆಗೆಯಲು ಫೋನನ್ನು ಅಡ್ಡ ಹಿಡಿದು ಕ್ಲಿಕ್ಕಿಸಿದೆ. ವಾಪಸ್ ಬಂದು ನೋಡಿದರೆ ಹೆಸರಿದೆ, ಮನೆಹೆಸರಿದೆ. ಫೋಟೊ ಇಲ್ಲ, ಕ್ಯಾಲೆಂಡರಿನಲ್ಲಿ ಆರಿಸಿದ್ದ ಜನ್ಮದಿನಾಂಕವೂ ಇಲ್ಲ. ಅರ್ಜಿಯ ಪ್ರಕಾರ ನಾನು ಇದ್ದೇನೆ, ಆದರೆ ಇನ್ನೂ ಹುಟ್ಟಿಲ್ಲ.

ಬೆಂಗಳೂರಿನಲ್ಲಿ ಆಂಡ್ರಾಯ್ಡ್ ಆ್ಯಪ್ ಬರೆಯುವ ಅಕ್ಕನ ಮಗನಿಗೆ ಫೋನ್ ಮಾಡಿದೆ. “ಫೋನ್ ತಿರುಗಿಸಿದರೆ ಸ್ಕ್ರೀನು ಬರೀ ತಿರುಗೋದಿಲ್ಲ ಮಾವ. ಸತ್ತುಹೋಗುತ್ತೆ. ಅದರ ಜಾಗದಲ್ಲಿ ಇನ್ನೊಂದು ಹುಟ್ಟುತ್ತೆ” ಎಂದ, ಸಂತಾಪದ ಲವಲೇಶವೂ ಇಲ್ಲದೆ. ಅಡ್ಡ ಪರದೆಗೆ ಬೇರೆಯೇ ವಿನ್ಯಾಸ ಬೇಕಾಗಬಹುದು. ಹಳೆಯದನ್ನು ತೇಪೆ ಹಾಕುವುದಕ್ಕಿಂತ ಕೆಡವಿ ಕಟ್ಟುವುದೇ ಮೇಲೆಂದು ಆಂಡ್ರಾಯ್ಡಿನ ಲೆಕ್ಕವಂತೆ. ಫೋನಿನ ಭಾಷೆಯನ್ನು ಮಲಯಾಳದಿಂದ ಕನ್ನಡಕ್ಕೆ ಬದಲಿಸಿದರೂ ಇದೇ ಗತಿ. ಗಡಿಯ ಮುತ್ತಂಗ ದಾಟುವಾಗಲೆಲ್ಲ ನಾಲಿಗೆ ತಿರುಗಿಸಿಕೊಳ್ಳುವ ನಮ್ಮ ಕಡೆಯವರಿಗೆ ಈ ನಿಯಮ ಹಾಕಿದ್ದರೆ ಗುಂಡ್ಲುಪೇಟೆಗೆ ಹೋದವರು ಯಾರೂ ಜೀವಸಹಿತ ಮನೆ ಸೇರುತ್ತಿರಲಿಲ್ಲ.

ಹೆಸರು ಮಾತ್ರ ಹೇಗೆ ಉಳಿಯಿತು? ಟೈಪ್ ಮಾಡುವ ಪೆಟ್ಟಿಗೆಗಳಿಗೆ ಗುರುತಿನ ಹೆಸರೊಂದನ್ನು ಕೊಟ್ಟಿದ್ದರೆ ಅವುಗಳೊಳಗಿನ ಅಕ್ಷರಗಳನ್ನು ಆಂಡ್ರಾಯ್ಡೇ ಕಾಪಾಡುತ್ತದೆ. ಮಿಕ್ಕಿದ್ದು ಆ್ಯಪ್ ಬರೆದವರ ಹೊಣೆ. ಸಾಯುವ ಮುನ್ನ ಸ್ಕ್ರೀನಿಗೆ ‘ಬಂಡಲ್’ ಎಂಬ ಸಣ್ಣ ಗಂಟು ಕೊಡುತ್ತಾರೆ. ಚಿಲ್ಲರೆ ಇಲ್ಲದ ಕಂಡಕ್ಟರು ಟಿಕೆಟ್ಟಿನ ಹಿಂದೆ ‘ಬಾಕಿ 37’ ಎಂದು ಗೀಚಿ ಕೊಡುತ್ತಾರಲ್ಲ, ಹಾಗೆ: ಅಲ್ಲಿ ಬರೆದದ್ದು ಮಾತ್ರ ಮುಂದಿನ ಜನ್ಮಕ್ಕೆ ಸಲ್ಲುತ್ತದೆ. ಗಂಟು ಒಂದು ಎಂಬಿಯ ಹತ್ತಿರ ಬಂದರೆ ಆ್ಯಪೇ ಕುಸಿಯಬಹುದು. ಆದ್ದರಿಂದ ಫೋಟೊ ತುರುಕುವಂತಿಲ್ಲ. ಫೋಟೊ ಎಲ್ಲಿದೆ ಎಂಬ ವಿಳಾಸ ಬರೆದಿಟ್ಟರೆ ಸಾಕು. ನನ್ನ ಆಧಾರ್ ಫೋನಿನಲ್ಲೇ ಎಲ್ಲೋ ಇತ್ತು, ವಿಳಾಸ ಬರೆದಿಡುವವರಿರಲಿಲ್ಲ.

2017ರಲ್ಲಿ ಗೂಗಲ್ ‘ವ್ಯೂಮಾಡೆಲ್’ ಎಂಬುದನ್ನೂ ತಂದಿತು. ಅದು ಸ್ಕ್ರೀನಿನ ಹೊರಗೆ ಕೂತಿರುತ್ತದೆ. ಪರದೆ ಎಷ್ಟು ಸಲ ಸತ್ತು ಹುಟ್ಟಿದರೂ ಜಗ್ಗುವುದಿಲ್ಲ. ಆದರೆ ಕ್ಯಾಮೆರಾ ತೆರೆದಾಗ ಮೆಮೊರಿ ಸಾಲದೆ ಫೋನು ಇಡೀ ಆ್ಯಪನ್ನೇ ಮುಗಿಸಿಬಿಟ್ಟರೆ ವ್ಯೂಮಾಡೆಲ್ಲಿಗೂ ಅದೇ ಚಿತೆ. ಆಗ ಗತಿ ಮತ್ತೆ ಆ ಗಂಟೇ.

“ಇಷ್ಟೆಲ್ಲ ಇದ್ದೂ ಯಾಕಪ್ಪ ಹೀಗೆ?” ಎಂದೆ.

“ಯಾರು ಮಾವ ಅರ್ಜಿ ತುಂಬೋವಾಗ ಫೋನ್ ತಿರುಗಿಸ್ತಾರೆ? ಆಟೊ ರೊಟೇಟ್ ಆಫ್ ಮಾಡ್ಬಿಡಿ.”

ನಾನು ತಿರುಗಿಸಬೇಕೆಂದೇ ಇಲ್ಲ. ಫೋನಿನ ಅಕ್ಸೆಲೆರೊಮೀಟರಿಗೆ ಭೂಮಿ ಎಳೆಯುವ ಜೋರಿಗೂ ತಿರುವಿನಲ್ಲಿ ಬಸ್ಸು ಎಸೆಯುವ ಜೋರಿಗೂ ಭೇದ ತಿಳಿಯದು. ಕೈ ಒಂದಿಷ್ಟು ವಾಲಿದ್ದರೆ ಮಿಕ್ಕಿದ್ದನ್ನು ಡ್ರೈವರೇ ತಿರುಗಿಸುತ್ತಾನೆ. ಬೆಂಗಳೂರಿನ ಮೇಜಿನ ಮೇಲೆ ಅಂಗಾತ ಮಲಗಿದ ಫೋನಿಗೆ ಈ ಕಷ್ಟ ಹೇಗೆ ಗೊತ್ತಾಗಬೇಕು?

ಅದಕ್ಕೇ ನನ್ನದೊಂದು ಸಲಹೆ. ಆ್ಯಪ್ ಪರೀಕ್ಷಿಸುವವರಿಗೆ ಅಡಿವಾರದಲ್ಲಿ ಪೊರೋಟ ತಿನ್ನಿಸಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಕೈಗೊಂದು ಅರ್ಜಿ ಕೊಡಬೇಕು. ಒಂಬತ್ತು ತಿರುವು ದಾಟಿ, ತಿಂದದ್ದನ್ನು ಒಳಗೇ ಉಳಿಸಿಕೊಂಡು ಲಕ್ಕಿಡಿಯಲ್ಲಿ ಇಳಿದವರಿಗೆ ಮಾತ್ರ ನಮ್ಮ ಮಾಹಿತಿ ಉಳಿಸುವ ಕೆಲಸ ಕೊಟ್ಟರಾಯಿತು.