ವಾಲ್ವಣ್ಣನ ಪ್ರಿಆಂಪು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕರಲ್ಲಿ ಯಾವ ಊರಿಗೆ ಹೋದರೂ ಒಬ್ಬ ವಾಲ್ವಣ್ಣ ಸಿಕ್ಕೇ ಸಿಗುತ್ತಾನೆ. ಮಾಲೂರಿನಲ್ಲಿ ಅವನು ಬೆಳಗಿನ ರೈಲು ಹಿಡಿದು ವೈಟ್‌ಫೀಲ್ಡಿಗೆ ಕೆಲಸಕ್ಕೆ ಓಡುವವನು, ಶ್ರೀನಿವಾಸಪುರದಲ್ಲಿ ಮಾವಿನ ತೋಟದ ಯಜಮಾನ, ಮುಳಬಾಗಿಲಿನಲ್ಲಿ ರಿಟೈರಾದ ಮೇಷ್ಟ್ರು, ಕೋಲಾರದಲ್ಲಿ ಬ್ಯಾಂಕಿಗೆ ಅವಧಿಗೆ ಮುಂಚೆಯೇ ನಮಸ್ಕಾರ ಹೇಳಿ ಬಂದವನು. ಕಸುಬು ಬೇರೆಯಾದರೂ ಕಾಯಿಲೆ ಒಂದೇ: ಫೋನೊ ಸ್ಟೇಜ್ ಇರುವ ಹಳೇ ವಾಲ್ವ್ ಪ್ರಿಆಂಪ್ಲಿಫೈಯರ್ ಒಂದನ್ನು ಆರಿಸಬೇಕು. ಕೊಳ್ಳುವ ಮಾತು ಆಮೇಲೆ. ಎಷ್ಟೋ ಸಲ ಆ ಆಮೇಲೆ ಬರುವುದೇ ಇಲ್ಲ. ಮನೆಯವರು, ಅಳಿಯಂದಿರು, ಎದುರುಮನೆಯವರು ಎಲ್ಲ ಸೇರಿ ಅವನಿಗೆ ಹುಚ್ಚು ಎಂದು ಎಂದೋ ತೀರ್ಪು ಕೊಟ್ಟಾಗಿದೆ. ಆ ತೀರ್ಪಿನ ಮೇಲೆ ನನ್ನದೊಂದು ಮೇಲ್ಮನವಿ. ಅವನು ಹುಡುಕುತ್ತಿರುವ ವಸ್ತು ಸರಿಯಾದದ್ದೇ. ಅದಕ್ಕೆ ಅವನು ಕೊಡುವ ಕಾರಣಗಳಲ್ಲಿ ಮಾತ್ರ ಒಂದೂ ನಿಲ್ಲುವುದಿಲ್ಲ.

ಮೊದಲನೆಯದು ಇತಿಹಾಸದ ಕಾರಣ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂದದ್ದು 1902ರಲ್ಲಿ. ಇಂಗ್ಲೆಂಡಿನಲ್ಲಿ ಫ್ಲೆಮಿಂಗ್ ತನ್ನ ವಾಲ್ವನ್ನು ರೂಪಿಸಿದ್ದು 1904ರಲ್ಲಿ. "ವಾಲ್ವು ಹುಟ್ಟೋಕೆ ಮುಂಚೇನೇ ನಮ್ಮ ಜಿಲ್ಲೇಲಿ ಕರೆಂಟಿತ್ತು ಕಣಪ್ಪಾ" ಎಂದು ವಾಲ್ವಣ್ಣ ಹೇಳುವಾಗ ಪ್ರಿಆಂಪು ತನಗೆ ಪಿತ್ರಾರ್ಜಿತವಾಗಿ ಬರಬೇಕಾದ ಆಸ್ತಿಯೇನೋ ಎನ್ನಿಸಬೇಕು. ಮಾತು ನಿಜ. ಆದರೆ 1902ರ ಕರೆಂಟಿನಲ್ಲಿ ಇಂದಿನ ಪ್ಲಗ್ಗು ಓಡುವುದಿಲ್ಲ. ಸುತ್ತಲಿನ ತೋಟಗಳಿಗೆ ತ್ರೀಫೇಸ್ ಬಿಟ್ಟು ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಾಗ ಊರಂಚಿನ ಮನೆಯ ವೋಲ್ಟೇಜು ಎಲ್ಲಿಗೆ ಇಳಿಯುತ್ತದೆ ಎಂಬುದು ಫ್ಯಾನು ನೋಡಿದವರಿಗೆಲ್ಲ ಗೊತ್ತು. ಅಮೆರಿಕದ ಹಳೇ ಪ್ರಿಆಂಪುಗಳು ನಮ್ಮ 230 ವೋಲ್ಟಿನವಲ್ಲ, ಅದರ ಅರ್ಧದಷ್ಟರವು. ಅವಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರು ಬೇಕು, ಅದರ ಹಿಂದೊಂದು ಸ್ಟೆಬಿಲೈಜರು ಬೇಕು. ಇದನ್ನು ಎತ್ತಿದರೆ ವಾಲ್ವಣ್ಣ ಮಾತು ಬದಲಿಸುತ್ತಾನೆ.

ಬದಲಿಸಿ ಹೋಗುವುದು ವಂಶಾವಳಿಗೆ. ಮರಾಂಟ್ಜ್ 7ರಲ್ಲಿ 12ಎಎಕ್ಸ್7 ವಾಲ್ವು ಆರು, ಡೈನಾಕೊ ಪ್ಯಾಸ್‌ನಲ್ಲಿ ನಾಲ್ಕೇ ನಾಲ್ಕು ಎಂದು ಬೆರಳು ಮಡಿಸುತ್ತಾನೆ. ಎರಡು ಹೆಚ್ಚಿದ್ದರೆ ಎರಡು ಪಟ್ಟು ಸಂಗೀತ ಎಂಬಂತೆ. ಅಮೆರಿಕದ 12ಎಎಕ್ಸ್7, ಯುರೋಪಿನ ಇಸಿಸಿ83 ಎರಡೂ ಒಂದೇ ವಾಲ್ವಿನ ಎರಡು ಹೆಸರು ಎಂದರೆ ಒಪ್ಪುವವನಲ್ಲ. ನಮ್ಮ ಬಿಇಎಲ್ ಕೂಡ ಜಾಲಹಳ್ಳಿಯಲ್ಲಿ ಒಂದು ಕಾಲಕ್ಕೆ ವಾಲ್ವು ಮಾಡುತ್ತಿತ್ತು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅಂಥದ್ದೊಂದು ಡಬ್ಬಿ ಸಮೇತ ಸಿಕ್ಕರೆ ಅದನ್ನು ಸಾಕೆಟ್ಟಿಗೆ ಹಾಕದೆ ದೇವರ ಗೂಡಿನಲ್ಲಿಡುವ ವಾಲ್ವಣ್ಣಂದಿರಿದ್ದಾರೆ.

ಇನ್ನು ಪರೀಕ್ಷೆ. ಮಾಲೂರಿನ ಹೆಂಚು ಕೊಳ್ಳುವವರು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಾರೆ. ಚೆನ್ನಾಗಿ ಬೆಂದದ್ದು ಟಣ್ ಎನ್ನುತ್ತದೆ, ಬಿರುಕುಬಿಟ್ಟದ್ದು ಬದ್ದೆನ್ನುತ್ತದೆ. ವಾಲ್ವಣ್ಣನೂ ಪೆನ್ಸಿಲ್ಲಿನ ಹಿಂಬದಿಯಿಂದ ವಾಲ್ವಿನ ಗಾಜನ್ನು ಮೆಲ್ಲಗೆ ಕುಟ್ಟುತ್ತಾನೆ, ಸ್ಪೀಕರಿನಲ್ಲಿ ಟಣ್ ಎಂದರೆ ಅವನ ಮುಖ ಅರಳುತ್ತದೆ. ಇಲ್ಲಿ ಲೆಕ್ಕ ತಿರುಗಾಮುರುಗಾ. ಒಳಗಿನ ಗ್ರಿಡ್ಡಿನ ತಂತಿ ಸಡಿಲವಾಗಿ ಅದುರಿದಾಗಲೇ ವಾಲ್ವು ಹಾಗೆ ಮೊಳಗುವುದು. ಬೇರೆ ಕಡೆ ಹೇಗೋ ನಡೆದೀತು. ಫೋನೊ ಸ್ಟೇಜಿನ ಮೊದಲ ಜಾಗದಲ್ಲಿ ಮೊಳಗುವ ವಾಲ್ವು ಇದ್ದರೆ ಪಕ್ಕದಲ್ಲಿ ನಡೆದಾಡಿದವರ ಹೆಜ್ಜೆಯೂ ಹಾಡಿನ ತಾಳಕ್ಕೆ ಸೇರಿಕೊಳ್ಳುತ್ತದೆ. ಕಾರಣ, ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿನ ಮುಳ್ಳು ಕೊಡುವುದು ಮೂರೋ ಐದೋ ಮಿಲಿವೋಲ್ಟು. ಅದನ್ನು ನಡುಸ್ವರದಲ್ಲಿ ಸುಮಾರು ನೂರು ಪಟ್ಟು, ತೀರ ಮಂದ್ರದಲ್ಲಿ ಸಾವಿರ ಪಟ್ಟಿನ ಹತ್ತಿರ ಹಿಗ್ಗಿಸಬೇಕು. ಸ್ವರಸ್ವರಕ್ಕೂ ಈ ಭೇದ ಏಕೆಂದರೆ, ರೆಕಾರ್ಡು ಕೊರೆಯುವಾಗ ಮಂದ್ರವನ್ನು ಬೇಕೆಂದೇ ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಮಂದ್ರವನ್ನು ಪೂರ್ತಿ ಬಿಟ್ಟರೆ ಗೆರೆ ಅಗಲಕ್ಕೆ ಓಲಾಡಿ ಪಕ್ಕದ ಗೆರೆಯ ಮೇಲೆ ಬೀಳುತ್ತದೆ. 1954ರಲ್ಲಿ ಈ ಏರಿಳಿತಕ್ಕೆ ಆರ್‌ಐಎಎಎ ಎಂಬ ಒಂದು ನಿಯಮವಾಯಿತು. ಅದನ್ನು ತಿರುಗಿಸಿ ಸರಿಮಾಡುವುದೇ ಫೋನೊ ಸ್ಟೇಜಿನ ಮುಖ್ಯ ಕೆಲಸ.

ಈ ಸರಿಮಾಡುವ ಕೆಲಸ ಹೊಳೆಯುವ ವಾಲ್ವಿನದಲ್ಲ, ಅದರ ಕಾಲಬುಡದಲ್ಲಿ ಮಂಕಾಗಿ ಕೂತ ನಾಲ್ಕಾರು ರೆಸಿಸ್ಟರು, ಕಂಡೆನ್ಸರುಗಳದು. ಅರವತ್ತು ವರ್ಷ ಕಳೆದ ಮೇಲೆ ಅವುಗಳ ಮೌಲ್ಯ ಬರೆದಷ್ಟೇ ಉಳಿದಿರುತ್ತದೆ ಎಂದು ನಂಬುವಂತಿಲ್ಲ. ಕಾಗದದ ಕಂಡೆನ್ಸರುಗಳಂತೂ ಸೋರುತ್ತವೆ. "ಆಹಾ, ಹಳೇ ಕಾಲದ ಬೆಚ್ಚನೆ ದನಿ" ಎಂದು ಅವನು ಕಣ್ಣುಮುಚ್ಚುವುದು ಎಷ್ಟೋ ಸಲ ಕೆಟ್ಟ ಕಂಡೆನ್ಸರಿಗೆ. ಕಿವಿಗೆ ಹಿತವಾದರೆ ಸಾಕಲ್ಲ, ಲೆಕ್ಕ ಯಾಕೆ ಎನ್ನಬಹುದು. ಸಾಕು, ಅವನು ಹಾಡು ಕೇಳುವುದಾದರೆ. ಅವನು ಕೇಳುವುದು ಮುಳ್ಳನ್ನು ಎತ್ತಿಟ್ಟು, ವಾಲ್ಯೂಮ್ ಪೂರ್ತಿ ತಿರುಗಿಸಿ, ಸ್ಪೀಕರಿಗೆ ಕಿವಿಯಾನಿಸಿ: ಗುಂಯ್ ಎನ್ನುವ ಸದ್ದು ಇದೆಯೋ ಇಲ್ಲವೋ ಎಂದು. 1963ರ ಸುಪ್ರಭಾತದ ಎಲ್‌ಪಿಯೂ ಘಂಟಸಾಲರ ಭಗವದ್ಗೀತೆಯೂ ಕವರಿನೊಳಗೇ ಇರುತ್ತವೆ. "ಹಾಡು ಯಾವಾಗ ಹಾಕ್ತೀರಿ?" ಎಂದು ಹೆಂಡತಿ ಕೇಳುವುದು ಅದಕ್ಕೇ. ಇನ್ನೂ ಒಂದು ವಿಷಯವನ್ನು ಅವನ ಮುಂದೆ ಹೇಳದಿರುವುದು ಒಳ್ಳೆಯದು: ಅವನ ಅಟ್ಟದ ಮೇಲಿರುವಂಥ ಹಳೇ ಸೂಟ್‌ಕೇಸ್ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಇರುವುದು ಸೆರಾಮಿಕ್ ಕಾರ್ಟ್ರಿಜ್ಜು. ಅದಕ್ಕೆ ಫೋನೊ ಸ್ಟೇಜೇ ಬೇಕಿಲ್ಲ.

ಹಾಗಾದರೆ ಅವನ ಪರವಾಗಿ ಹೇಳಲು ಏನುಳಿಯಿತು? ಕೆಲವೇ ನೂರು ರೂಪಾಯಿಯ ಐಸಿ ಬೋರ್ಡು ಇದೇ ಕೆಲಸವನ್ನು ಕಡಿಮೆ ಗೊರಗೊರದೊಂದಿಗೆ ಮಾಡುತ್ತದಲ್ಲ ಎಂಬ ಅಳಿಯನ ಆಕ್ಷೇಪಣೆ ಗಟ್ಟಿಯಾದದ್ದೇ. ಮಾಡುತ್ತದೆ, ಕೆಡುವ ತನಕ. ಕೆಟ್ಟ ಮೇಲೆ ಅದು ಕಸ. ಹಳೇ ವಾಲ್ವ್ ಪ್ರಿಆಂಪನ್ನು ಮಗುಚಿದರೆ ಪ್ರತಿಯೊಂದು ತಂತಿ, ಪ್ರತಿಯೊಂದು ಬೆಸುಗೆ ಕಣ್ಣಿಗೆ ಕಾಣುತ್ತದೆ. ಹೆಸರಾಂತ ಮಾದರಿಗಳ ಸರ್ಕ್ಯೂಟು ನಕ್ಷೆಗಳು ಸಿಗುತ್ತವೆ, 12ಎಎಕ್ಸ್7 ಇಂದಿಗೂ ಹೊಸದಾಗಿ ತಯಾರಾಗುತ್ತಿದೆ. ಹಳೇ ರೇಡಿಯೊ ರಿಪೇರಿ ಗೊತ್ತಿರುವ ಒಬ್ಬ ಮೆಕ್ಯಾನಿಕ್ಕು, ಒಂದು ಸೋಲ್ಡರಿಂಗ್ ಕಡ್ಡಿ ಇದ್ದರೆ ಮುಳಬಾಗಿಲಿನಲ್ಲೇ ಅದಕ್ಕೆ ಜೀವ ಬರುತ್ತದೆ. ರಿಪೇರಿಯಾಗುತ್ತದೆ ಎನ್ನುವುದೇ ಅದನ್ನು ಆರಿಸಲು ಇರುವ ಒಳ್ಳೆಯ ಕಾರಣ. ವಾಲ್ವಣ್ಣನ ಬಾಯಲ್ಲಿ ಆ ಕಾರಣ ಬರುವುದೇ ಇಲ್ಲ, ಏಕೆಂದರೆ ರಿಪೇರಿ ಎಂದೊಡನೆ ವಂಶಾವಳಿಗೆ ಮಸಿ ಹತ್ತುತ್ತದೆ. ಒಳಗಿರುವುದೆಲ್ಲ ಹುಟ್ಟಿನಿಂದ ಬಂದದ್ದೇ ಆಗಿರಬೇಕು ಎಂಬ ಹಟ ಅವನದು. ಬೇಕಾದರೆ ಹಳೆಯ ಕಂಡೆನ್ಸರುಗಳನ್ನು ಒಂದು ಪೊಟ್ಟಣ ಕಟ್ಟಿ ಇಟ್ಟುಕೊಳ್ಳಲಿ, ಪೆಟ್ಟಿಗೆಯೊಳಗೆ ಹೊಸದು ಹಾಕಿಸಲಿ. ಆಮೇಲೆ ಹಾಡು ಹಾಕಲಿ.

ನಿಮ್ಮ ಮನೆಯಲ್ಲೂ ಒಬ್ಬ ವಾಲ್ವಣ್ಣನಿದ್ದರೆ ನಗುವುದು ಆಮೇಲಿರಲಿ, ಮೊದಲು ಅವನ ಕೈ ಹಿಡಿದುಕೊಳ್ಳಿ. ಅಟ್ಟದಿಂದ ಇಳಿಸಿದ ಪೆಟ್ಟಿಗೆಯನ್ನು ಅದೇ ದಿನ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಲು ಬಿಡಬೇಡಿ, ತಿಳಿದವರಿಗೆ ತೋರಿಸಿ. ವಾಲ್ವಿನ ಪೆಟ್ಟಿಗೆಯೊಳಗೆ 250ರಿಂದ 300 ವೋಲ್ಟಿನ ಡಿಸಿ ಓಡುತ್ತಿರುತ್ತದೆ, ಪ್ಲಗ್ಗು ಕಿತ್ತ ಮೇಲೂ ಅದು ಕಂಡೆನ್ಸರುಗಳಲ್ಲಿ ಉಳಿದಿರಬಹುದು.