ಹಲ್ಲು ಎಣಿಸದ ವ್ಯಾಪಾರ

ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಳ್ಳುವವನನ್ನು ನೋಡಬೇಕು. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಆಮೇಲಷ್ಟೇ ಟವೆಲ್ ಕೆಳಗೆ ಬೆರಳು ಹಿಡಿಯುವುದು. ಸಂಕ್ರಾಂತಿ ಆಸುಪಾಸಿನ ಈ ಶಿಸ್ತು ಜೂನ್ ಹೊತ್ತಿಗೆ ಕಾವೇರಿ ಪಾಲಾಗಿರುತ್ತದೆ. ಏಳನೇ ಕ್ಲಾಸು ಮುಗಿಸಿದ ಹುಡುಗ ಟಿಸಿ ಹಿಡಿದು ಹೈಸ್ಕೂಲಿನ ಬಾಗಿಲಿಗೆ ಬಂದರೆ ಆಧಾರ್ ನೋಡುತ್ತಾರೆ, ಜಾತಿ ಪ್ರಮಾಣಪತ್ರ ನೋಡುತ್ತಾರೆ, ಪಾಸ್‌ಬುಕ್ಕನ್ನೂ ನೋಡುತ್ತಾರೆ. ಬಾಯಿ ತೆರೆದು ಒಂದು ಸಾಲು ಓದಪ್ಪ ಎನ್ನುವವರಿಲ್ಲ.

ಇಲ್ಲ ಎಂದರೆ ಇಲಾಖೆ ಮುನಿಸಿಕೊಂಡೀತು. ಅದಕ್ಕೆಂದೇ ಸೇತುಬಂಧವೆಂಬ ಕಾರ್ಯಕ್ರಮವಿದೆಯಲ್ಲ! ಕೋದಂಡರಾಮನ ಊರಾದ ಚುಂಚನಕಟ್ಟೆಯಲ್ಲಿ ಆ ಸೇತುವೆಯ ಕಥೆ ಯಾರಿಗೆ ಗೊತ್ತಿಲ್ಲ? ಅಲ್ಲಿ ಕಪಿಗಳು ಕಲ್ಲು ಹೊತ್ತವು, ಇಲ್ಲಿ ಮೇಷ್ಟ್ರು ಕಡತ ಹೊರುತ್ತಾರೆ. ಶಾಲೆ ಶುರುವಾದೊಡನೆ ನೈದಾನಿಕ ಪರೀಕ್ಷೆ, ಸ್ವಲ್ಪ ದಿನಕ್ಕೆ ಸಾಫಲ್ಯ ಪರೀಕ್ಷೆ. ಮೊದಲನೆಯದರಲ್ಲಿ ತಡವರಿಸಿದವರು ಎರಡನೆಯದರಲ್ಲಿ ಸರಾಗವಾಗಿ ಓದುತ್ತಾರೆ, ಕಡತದಲ್ಲಿ. ತರಗತಿಯಲ್ಲಿ ಕೇಳಿದರೆ ಉತ್ತರ ಬೇರೆ: "ಓದ್ತಾನೆ ಸಾ, ಪುಸ್ತಕ ಮುಚ್ಚಿದ್ರೆ ಚೆನ್ನಾಗೇ ಓದ್ತಾನೆ."

ತಪ್ಪು ಯಾರದು? ಹೈಸ್ಕೂಲಿನವರು ಪ್ರೈಮರಿ ಕಡೆ ಕೈ ತೋರಿಸುತ್ತಾರೆ, ಪ್ರೈಮರಿಯವರು ಅಂಗನವಾಡಿ ಕಡೆಗೆ, ಅಂಗನವಾಡಿಯವರು ಹೆತ್ತವರ ಕಡೆಗೆ. ಹೆತ್ತವರು ತಂಬಾಕಿನ ಹೊಲದಲ್ಲಿರುವುದರಿಂದ ವಿಚಾರಣೆ ಅಲ್ಲಿಗೆ ಮುಕ್ತಾಯ.

ತಮಾಷೆಯೆಂದರೆ, ಔಷಧಿ ಹುಟ್ಟಿದ್ದು ಈ ಸೀಮೆಯಲ್ಲೇ. ಮಕ್ಕಳು ಗುಂಪಾಗಿ ಕೂತು, ಬಲ್ಲವರು ಬಾರದವರಿಗೆ ಹೇಳಿಕೊಡುತ್ತ, ತಂತಮ್ಮ ವೇಗಕ್ಕೆ ಕಲಿಯಲಿ ಎಂಬ ನಲಿ-ಕಲಿ 1995ರಲ್ಲಿ ಕಣ್ಣುಬಿಟ್ಟದ್ದು ಎಚ್.ಡಿ. ಕೋಟೆಯಲ್ಲಿ. ಅದನ್ನು ರಾಜ್ಯವೆಲ್ಲ ಕೊಂಡೊಯ್ದರು, ಮೂರನೇ ಕ್ಲಾಸಿಗೆ ಗೂಟ ಹೊಡೆದರು. ಒಟ್ಟಿಗೆ ಕೂತು ಓದುವ ಚಟ ನಾಲ್ಕನೇ ಕ್ಲಾಸಿನಿಂದ ಬಿಡಿಸಬೇಕಂತೆ. ಎಂಟನೇ ಕ್ಲಾಸಿನವನು ಪಕ್ಕದವನ ಪುಸ್ತಕದಲ್ಲಿ ಕಣ್ಣಿಟ್ಟರೆ ಅದು ಕಲಿಕೆಯಲ್ಲ, ಕಾಪಿ. ಒಬ್ಬರು ರಾಗವಾಗಿ ಓದಿ, ಇನ್ನೊಬ್ಬರು ಅರ್ಥ ಹೇಳಿ, ಅಕ್ಷರ ಬಾರದವರೂ ಕುಮಾರವ್ಯಾಸನನ್ನು ಮನಸಿಗಿಳಿಸಿಕೊಂಡ ಗಮಕದ ನಾಡು ಇದು. ಆ ಜಗಲಿಗಳಿಗೆ ತರಬೇತಿ ಭತ್ಯೆ ಕೊಟ್ಟ ದಾಖಲೆಯಿಲ್ಲ. ಬಹುಶಃ ಅದಕ್ಕೇ ಅವು ಯೋಜನೆಯಾಗಲಿಲ್ಲ.

ಪುಸ್ತಕ ಇಲ್ಲವೇ ಎಂದರೆ ಅದೂ ಇದೆ. 2020ರ ನವೆಂಬರ್ 14ರಂದು 'ಓದುವ ಬೆಳಕು' ಹತ್ತಿಸಿ, ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಪುಕ್ಕಟೆ ಕೊಟ್ಟರು. ಆದರೆ ಗ್ರಂಥಾಲಯ ಪಂಚಾಯತ್ ರಾಜ್ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು. ನಡುವೆ ಒಂದು ಚರಂಡಿ ಇದ್ದರೆ ದಾಟಬಹುದು; ಎರಡು ಇಲಾಖೆ ದಾಟುವುದು ಹನುಮಂತನಿಗೂ ಕಷ್ಟ. ಗ್ರಂಥಾಲಯದತ್ತ ತುಳಿಯೋಣವೆಂದರೆ, ಎಂಟನೇ ಕ್ಲಾಸಿಗೆ ಬಂದವರಿಗೆ 2006–07ರಿಂದ ಸೈಕಲ್ಲಾದರೂ ಸಿಗುತ್ತಿತ್ತು. ಕೋವಿಡ್ ಬಂದ ಮೇಲೆ ಅದೂ ನಿಂತಿತು.

ದೇಶದ ಹಳ್ಳಿಗಳಲ್ಲಿ ನಡೆದ 2023ರ ಅಸರ್ ಸಮೀಕ್ಷೆ, 14ರಿಂದ 18 ವರ್ಷದವರಲ್ಲಿ ಸುಮಾರು ಕಾಲು ಭಾಗ ತಮ್ಮ ಭಾಷೆಯ ಎರಡನೇ ಕ್ಲಾಸಿನ ಪಾಠವನ್ನೂ ಸರಾಗವಾಗಿ ಓದಲಾರರು ಎಂದಿತು. ಹಾಗಾದರೆ ಎಂಟಕ್ಕೆ ಬಂದ ಹೊಸ ಮಗುವಿನ ಪಕ್ಕ ಒಂಬತ್ತನೇ ಕ್ಲಾಸಿನ ಅಕ್ಕನೊಬ್ಬಳು ಕೂತು, ವಾರಕ್ಕೆರಡು ಪೀರಿಯಡ್ ಇಬ್ಬರೂ ಒಂದೇ ಕಥೆಪುಸ್ತಕ ಓದಲಿ ಎಂದು ಹೇಳಿ ನೋಡಿ. ಯಾವ ಲೆಕ್ಕ ಶೀರ್ಷಿಕೆ? ಆ್ಯಪ್‌ನಲ್ಲಿ ಎಂಟ್ರಿ ಎಲ್ಲಿ? ನಮೂನೆ ಎಷ್ಟನೆಯದು? ಉದ್ಘಾಟನೆಗೆ ಶಾಸಕರ ಡೇಟ್ ಸಿಕ್ಕಿದೆಯೇ? ಖರ್ಚಿಲ್ಲದ ಕೆಲಸವನ್ನು ಮಂಜೂರು ಮಾಡುವ ಅಧಿಕಾರ ಯಾರಿಗೂ ಇಲ್ಲ.

ಆದ್ದರಿಂದ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಶಿಕ್ಷಣ ಇಲಾಖೆ ಸಾಹೇಬರೇ, ಒಂದು ಬಿನ್ನಹ. ಈ ಜೂನ್‌ನಲ್ಲಿ ಶಾಲೆಗೆ ಬಂದಾಗ ಸೇತುಬಂಧದ ಕಡತ ಕೇಳಬೇಡಿ. ಎಂಟನೇ ಕ್ಲಾಸಿನ ಕೊನೇ ಬೆಂಚಿನಲ್ಲಿ ಜಾಗ ಮಾಡಿಕೊಂಡು ಕೂತು, ಪಕ್ಕದ ಮಗುವಿನ ಜೊತೆ ಒಂದು ಪುಟ ಓದಿ. ಫೋಟೊ ತೆಗೆಸಿಕೊಳ್ಳಬೇಡಿ.