ಶ್ರೀಮಾನ್ ‘ಅಲ್ಲಿ ಜನ ಕಮ್ಮಿ’ ಅವರಿಗೆ

ಮಾನ್ಯರೇ,

ಶರಾವತಿ ಹಿನ್ನೀರಿನ ಆಚೆ ದಡದಿಂದ, ಸಾಗರ ತಾಲ್ಲೂಕಿನ ತುಮರಿ ಕಡೆಯವನೊಬ್ಬನ ನಮಸ್ಕಾರಗಳು. ನಾವು ಕ್ಷೇಮ. ತಾವು ಕ್ಷೇಮವೆಂದು ಕೇಳದೆಯೇ ಗೊತ್ತು. ಯಾವ ಕಚೇರಿಗೆ ಹೋದರೂ ಮೊದಲು ಎದುರಾಗುವವರು ತಾವೇ. ಬಸ್ಸು ಕೇಳಿದೆವು, ತಾವಿದ್ದಿರಿ. ಡಾಕ್ಟರನ್ನು ಕೇಳಿದೆವು, ಅಲ್ಲೂ ತಾವು. ಮೊಬೈಲ್ ಟವರಿನ ಅರ್ಜಿ ಹಿಡಿದು ಹೋದರೆ ಗುಮಾಸ್ತರು ತಲೆ ಎತ್ತುವ ಮೊದಲೇ ತಮ್ಮ ಹೆಸರು ಹೇಳಿದರು.

ಇಷ್ಟು ವರ್ಷದ ಒಡನಾಟದ ಸಲಿಗೆಯಿಂದ ಕೇಳುತ್ತೇನೆ: ತಾವು ನಮ್ಮೂರಿಗೆ ಬಂದದ್ದು ಯಾವಾಗ?

ಕರಿಮೆಣಸಿನ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಇದ್ದಂತಿಲ್ಲ. ಅವಳ ಕಾನೂರು ಕೋಟೆ ನಮ್ಮ ಕಡೆಯ ಕಾಡಿನಲ್ಲೇ ಪಾಳುಬಿದ್ದಿದೆ. ಆಗಲೂ ಜನ ಕಮ್ಮಿಯಿದ್ದರೆ ಮೆಣಸೇನು ತಾನಾಗಿ ಘಟ್ಟ ಇಳಿದು ಪೋರ್ಚುಗೀಸರ ಹಡಗು ಹತ್ತಿತೇ?

ತಾವು ನೀರಿನ ಜೊತೆ ಬಂದವರೆಂದು ನಮ್ಮ ಗುಮಾನಿ. 1940ರ ದಶಕದಲ್ಲಿ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಅದಕ್ಕೆ ಗದ್ದೆ ಬಿಟ್ಟವರು ಮೇಲಕ್ಕೆ ಹೋಗಿ ಒಲೆ ಹೂಡಿ ಉಸಿರುಬಿಡುವಷ್ಟರಲ್ಲಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು. 1819 ಅಡಿ ಮಟ್ಟದವರೆಗೆ ನೀರು. ಹಳೆಯ ಅಣೆಕಟ್ಟೂ ಮುಳುಗಿತು. ಮುಳುಗಿಸಿದ್ದು ತಾನೇ ಮುಳುಗಿತಲ್ಲ ಎಂಬುದೊಂದೇ ನಮ್ಮ ಹಿರಿಯರಿಗೆ ಸಿಕ್ಕ ಪರಿಹಾರ. (ಬೇಸಿಗೆಯಲ್ಲಿ ನೀರಿಳಿದರೆ ಅದು ಈಗಲೂ ಮೈ ತೋರಿಸುತ್ತದೆ, ಪ್ರವಾಸಿಗರು ಫೋಟೋ ಹಿಡಿಯುತ್ತಾರೆ.) ಮುಳುಗಡೆಯವರನ್ನು ಲಾರಿಗೆ ತುಂಬಿ ದೂರದ ಕಾಡುಗಳಲ್ಲಿ ಇಳಿಸಿದರು. ಅವರ ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ಹೋಗಬೇಕಾದವರೆಲ್ಲ ಹೋದ ಮೇಲೆ ಉಳಿದವರ ತಲೆ ಎಣಿಸಿ, ಆ ಜಾಗಕ್ಕೆ ತಮ್ಮನ್ನು ನೇಮಿಸಿದರು.

ಆಮೇಲೆ ನಮ್ಮದೇ ತಾಲ್ಲೂಕು ಕಚೇರಿಗೆ ಹೋಗಲು ಹಿನ್ನೀರು ದಾಟಿಸುವ ಲಾಂಚ್ ಕಾಯುವ ಬದುಕು. ಸಂಜೆಯಾದರೆ ಲಾಂಚ್ ಬಂದ್. ಹೆರಿಗೆ ನೋವು ಗಡಿಯಾರ ನೋಡಿ ಬರಬೇಕಿತ್ತು. ಇಲ್ಲವಾದರೆ ಕತ್ತಲಲ್ಲಿ ಕಾಡು ಸುತ್ತಬೇಕಿತ್ತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಲಾಂಚಿಗೆ ವಾಹನ ಹತ್ತಿಸುತ್ತಿರಲಿಲ್ಲ. ನೀರು ಏರಿದಾಗ ಊರು ಹೋಯಿತು, ಇಳಿದಾಗ ದಾರಿ ಹೋಯಿತು.

ಕೊನೆಗೆ 2025ರ ಜುಲೈ 14ರಂದು ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಉದ್ದ ಎರಡೂವರೆ ಕಿಲೋಮೀಟರಿಗೆ ತುಸು ಕಮ್ಮಿ. ಕಾದದ್ದು ಅರವತ್ತು ವರ್ಷಕ್ಕೆ ತುಸು ಜಾಸ್ತಿ. ಅಂದಿನಿಂದ ತಮ್ಮ ಬದಲು ತಮ್ಮ ಅಣ್ಣ ‘ಜನ ಜಾಸ್ತಿ’ಯವರು ಕಾಣಿಸಿಕೊಳ್ಳುತ್ತಿದ್ದಾರೆ. ರಜೆ ಬಂತೆಂದರೆ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಕಾರುಗಳ ಸಾಲು, ಸೇತುವೆ ಮೇಲೆ ಸೆಲ್ಫಿ. ಅಮ್ಮನ ದಯೆಯಿಂದ ಸೇತುವೆ ಬಂತು ಎನ್ನುವವರಿದ್ದಾರೆ, ನಾವು ಅಲ್ಲಗಳೆಯುವುದಿಲ್ಲ. ನಮ್ಮ ಅರ್ಜಿಗಳಿಂದ ಬಂದದ್ದಂತೂ ಅಲ್ಲವೇನೋ.

ತಾವು ನಿವೃತ್ತರಾದಿರೆಂದುಕೊಂಡೆವು. ಇಲ್ಲ. ಈಗ ಶರಾವತಿಯ ಕೆಳಕಣಿವೆಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಮಾತು ಬಂದಲ್ಲೆಲ್ಲ ತಮ್ಮ ಹೆಸರು ಮತ್ತೆ ಕೇಳುತ್ತಿದೆ. ಅಲ್ಲಿ ಸಿಂಗಳೀಕಗಳಿಗೆ ಅಭಯಾರಣ್ಯವಿದೆ. ಅವುಗಳನ್ನು ಎಣಿಸುವಾಗ ಕಮ್ಮಿ ಇವೆಯೆಂದೇ ಕಾಪಾಡಬೇಕು ಎನ್ನುತ್ತಾರೆ. ನಮ್ಮ ವಿಷಯದಲ್ಲಿ ಲೆಕ್ಕ ತಿರುವುಮುರುವು.

ಒಂದೇ ಬಿನ್ನಹ. ತಮ್ಮ ಹೆಸರು ಹೇಳುವ ಸಾಹೇಬರನ್ನೂ ಕರೆದುಕೊಂಡು ಈ ಮಳೆಗಾಲದಲ್ಲಿ ಒಂದು ರಾತ್ರಿ ನಮ್ಮ ಮನೆಗೆ ಬನ್ನಿ. ಕೆಸುವಿನ ಪತ್ರೊಡೆ ಮಾಡಿಸುತ್ತೇನೆ. ಬರುವಾಗ ಟಾರ್ಚ್ ಮರೆಯಬೇಡಿ. ಗಾಳಿ ಬೀಸಿದರೆ ನಮ್ಮಲ್ಲಿ ಕರೆಂಟ್ ಇರುವುದಿಲ್ಲ.

ಇಂತಿ,
ಎಣಿಕೆಯಲ್ಲಿ ಉಳಿದವನೊಬ್ಬ